ಎರಡು ದೇಶಗಳ ಜಗಳ, ನನ್ನ ಎಡಗಣ್ಣು

ಅಪ್ಪ,

ಬೇಜಾರು ಮಾಡಿಕೊಳ್ಳಬೇಡ ಅಂತ ಶುರುಮಾಡೋಣವೆಂದುಕೊಂಡೆ. ಆದರೆ ನಿನಗೆ ಬೇಜಾರಾಗುತ್ತದೆ, ಗೊತ್ತು. ನಾಳೆ ನಾನು ಪ್ಲಾಸ್ಟಿಕ್ ಕಣ್ಣು ಹಾಕಿಸಿಕೊಳ್ಳುತ್ತಿದ್ದೇನೆ.

ಚಿಕ್ಕಂದಿನಲ್ಲಿ ಎಡಗಣ್ಣು ಹೋದಾಗಿನಿಂದ ಗಾಜಿನ ಕಣ್ಣು ಮಾಡಿಕೊಟ್ಟವನು ನೀನೇ. ಕೊನೆಯದು ಸವೆದು ಒರಟಾಗಿದೆ. ರೆಪ್ಪೆ ಬಡಿದರೆ ಮರಳು ಉಜ್ಜಿದ ಹಾಗಾಗುತ್ತದೆ. ಫೋನಿನಲ್ಲಿ ನೀನು, "ಸ್ವಲ್ಪ ತಡಿ ಮಗಳೇ, ಸರ್ಕಾರಗಳ ಜಗಳ ಮುಗೀಲಿ, ಸುಂಕ ಇಳಿಯುತ್ತೆ, ಗಾಜು ಬರುತ್ತೆ" ಅನ್ನುತ್ತಿದ್ದೆ. ನಾನೂ ಹೂಂಗುಟ್ಟುತ್ತಾ ಬಂದೆ. ಇನ್ನು ತಡೆಯಲಾಗುತ್ತಿಲ್ಲ.

ಆ ಜಗಳದ ತಲೆಬುಡ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಸರ್ಕಾರ ಆ ದೇಶದ ಕಾರುಗಳ ಮೇಲೆ ಸುಂಕ ಏರಿಸಿತು. ಅವರು ನಮ್ಮ ಉಕ್ಕಿನ ಮೇಲೆ ಹಾಕಿದರು. ಆ ಸಿಟ್ಟಿಗೆ ನಮ್ಮವರು ಅವರ ಗಾಜಿನ ಸಾಮಾನಿಗೆಲ್ಲ ಹಾಕಿದರು. ಬಾಟಲಿ, ಬಲ್ಬು, ಕಿಟಕಿ ಗಾಜಿನ ಜೊತೆಗೆ ನಿನ್ನ ಹಾಲುಬಿಳುಪಿನ ಕೊಳವೆಗಳೂ ಸಿಕ್ಕಿಕೊಂಡದ್ದು ನಮ್ಮವರಿಗೆ ಗೊತ್ತೇ ಇರಲಿಕ್ಕಿಲ್ಲ. ಕಣ್ಣಿಗಾಗುವ ಆ ಗಾಜು ನಿನಗೆ ಬರುತ್ತಿದ್ದದ್ದು ಅಲ್ಲಿನ ಒಂದೇ ಊರಿನಿಂದ. ನಮ್ಮಂಥ ಸಣ್ಣ ಗಿರಾಕಿಗಳಿಗೆ ಕಳಿಸುವುದನ್ನೇ ಅವರು ನಿಲ್ಲಿಸಿದರು, ನಿನ್ನ ಅಂಗಡಿ ಮುಚ್ಚಿತು. ತಮಾಷೆ ನೋಡು, ಅದೇ ಸುಂಕದಿಂದ ಹೊರಗಿನ ಬಾಟಲಿ ತುಟ್ಟಿಯಾಗಿ ಇಲ್ಲಿನ ಬಾಟಲಿ ಕಾರ್ಖಾನೆಗೆ ಶುಕ್ರದೆಸೆ ಬಂತು. ಊರು ಬಿಟ್ಟು ನೀನು ಅಲ್ಲಿಗೇ ಸೇರಿದೆ. ಗಾಜಿನ ಮೇಲೆ ಕೂದಲೆಳೆಯಂಥ ಕೆಂಪು ನರ ಬಿಡಿಸುತ್ತಿದ್ದ ಕೈ ಈಗ ಬಿರುಕು ಬಿಟ್ಟ ಸೀಸೆಗಳನ್ನು ಆರಿಸಿ ಪಕ್ಕಕ್ಕೆ ಹಾಕುತ್ತದೆ. "ಸುಮ್ನೆ ಕೂರೋದಕ್ಕಿಂತ ವಾಸಿ ಬಿಡು" ಅಂತ ನೀನು ನಕ್ಕದ್ದು ನನಗೆ ಹಿಡಿಸಲಿಲ್ಲ ಅಪ್ಪ.

ಕಳೆದ ವಾರ ಪ್ಲಾಸ್ಟಿಕ್ ಕಣ್ಣು ಮಾಡುವಲ್ಲಿಗೆ ಹೋಗಿದ್ದೆ. ಒಳ್ಳೆಯ ಹುಡುಗಿ, ಕೆಲಸ ಬಲ್ಲವಳು. ಅಚ್ಚು ತೆಗೆದಳು, ಬಲಗಣ್ಣಿನ ಫೋಟೊ ತೆಗೆದಳು. "ಆಯ್ತು, ನೀವಿನ್ನು ಹೊರಡಬಹುದು. ಫೋಟೊ ನೋಡ್ಕೊಂಡು ಮಾಡ್ತೀನಿ" ಅಂದಳು. ನನಗೆ ಕುರ್ಚಿಯಿಂದ ಏಳುವ ಮನಸ್ಸೇ ಆಗಲಿಲ್ಲ.

ನಿನ್ನ ಹತ್ತಿರವಾದರೆ ವರ್ಷ ಎರಡು ವರ್ಷಕ್ಕೊಮ್ಮೆ ಹೊಸ ಕಣ್ಣಿಗೆಂದು ಬೆಳಗಿನಿಂದ ಕೂರಬೇಕಿತ್ತು. ನಡುವೆ ಬೆಂಕಿ, ಆಚೆ ನೀನು, ಈಚೆ ನಾನು. ಗಾಜು ಊದುತ್ತಾ ನನ್ನ ಬಲಗಣ್ಣನ್ನೇ ನೋಡುತ್ತಿದ್ದೆ ನೀನು. ಮನೆಯಲ್ಲಿ ತಲೆಯೆತ್ತಿ ಎರಡು ಮಾತಾಡದವನು, ಅವತ್ತು ಎಲ್ಲವನ್ನೂ ಕಂಡುಹಿಡಿಯುತ್ತಿದ್ದೆ. ನಾನು ಫೇಲಾದ ವರ್ಷ, "ಅತ್ತೂ ಅತ್ತೂ ಎಷ್ಟು ಕೆಂಪಾಗಿದೆ ನೋಡು. ಈ ಬಣ್ಣ ನಾನು ಹಾಕಲ್ಲ, ನಾಳೆ ಬಾ" ಅಂದಿದ್ದೆ. ಅಮ್ಮ ತೀರಿಕೊಂಡ ವರ್ಷ ಆ ನಾಳೆ ಬರಲು ತಿಂಗಳೇ ಹಿಡಿಯಿತು. ಮದುವೆಯಾದ ಮೇಲೊಮ್ಮೆ, "ನಿದ್ದೆ ಸಾಲ್ತಿಲ್ಲ ಅಲ್ವಾ ನಿಂಗೆ? ಅಳಿಯನ ಹತ್ರ ಮಾತಾಡ್ಲಾ?" ಎಂದು ಕೇಳಿದ್ದೆ. ನಾನಾಗಿ ಬಾಯಿಬಿಟ್ಟು ಹೇಳಿಕೊಂಡದ್ದು ಒಂದೂ ಇಲ್ಲ.

ಈ ಪ್ಲಾಸ್ಟಿಕ್ ಕಣ್ಣು ಬಹಳ ಕಾಲ ಬಾಳುತ್ತದಂತೆ, ಬಿದ್ದರೂ ಒಡೆಯುವುದಿಲ್ಲವಂತೆ. ನನಗೆ ಅದೇ ದುಃಖ.

ಸುಂಕ ಇಳಿಯಲಿ, ಬಿಡಲಿ, ರಜೆ ಸಿಕ್ಕ ದಿನ ಬಂದುಬಿಡು. ಏನೂ ಮಾಡಿಕೊಡುವುದು ಬೇಡ. ಎದುರಿಗೆ ಕೂತು ನಾನು ಹೇಗಿದ್ದೇನೆಂದು ನೋಡು, ಸಾಕು. ನನಗೆ ಹೇಳಲು ಬರುವುದಿಲ್ಲ.

ಆ ಕಾರ್ಖಾನೆಯ ಕುಲುಮೆಯ ಝಳದಲ್ಲಿ ನಿನ್ನ ಕಣ್ಣು ತಂಪಾಗಿರಲಿ.

ನಿನ್ನ ಮಗಳು