ಗೊಜ್ಜಿಗೆ ಬಿದ್ದ ಕಾಮಕಸ್ತೂರಿ

ಓಕ್ಲೀ, ಮೆಲ್ಬರ್ನ್
೧೧ ಫೆಬ್ರವರಿ ೧೯೯೩

ಓರ್ನೆಲ್ಲಾ,

ಮೊದಲು ‘ಪ್ರೀತಿಯ ಮಗಳೇ’ ಎಂದು ಬರೆದಿದ್ದೆ. ಹೊಡೆದುಹಾಕಿದೆ. ಭಾನುವಾರ ನಾನು ಅಂಥ ಮಾತಾಡಿದ ಮೇಲೆ ನಿನ್ನನ್ನು ಹಾಗೆ ಕರೆಯಲು ನಾಚಿಕೆಯಾಗುತ್ತದೆ.

ನಿನ್ನೆ ಲೆಫ್ತೆರಿಸ್ ಫೋನ್ ಮಾಡಿದ್ದ. “ಒಂದು ಸೊಪ್ಪಿಗೋಸ್ಕರ ಇಷ್ಟೆಲ್ಲ ಅಂತೀಯಲ್ಲಮ್ಮ! ಅವಳು ಇನ್ನು ನಿನ್ನ ಮನೆ ಹೊಸ್ತಿಲು ತುಳಿಯಲ್ವಂತೆ. ಅವಳಿಲ್ದೆ ನಾನೂ ಬರಲ್ಲ,” ಎಂದ. ಹೆತ್ತ ಮಗ ಹೆಂಡತಿ ಪರ ನಿಂತು ಹಾಗೆ ಅಂದನಲ್ಲ ಎಂದು ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದೇ ಸರಿ.

ನಿನಗೆ ಗೊತ್ತಿರಲಿಲ್ಲ, ಅಷ್ಟೇ. ನಿಮ್ಮ ಇಟಲಿಯವರಿಗೆ ಕಾಮಕಸ್ತೂರಿ ಅಡುಗೆಯ ಸೊಪ್ಪು. ನಮ್ಮ ಗ್ರೀಕರಿಗೆ ಅದು ಶಿಲುಬೆಯ ಬುಡದಲ್ಲಿ ಹುಟ್ಟಿದ ಗಿಡ. ಪಾದ್ರಿಗಳು ತೀರ್ಥ ಚಿಮುಕಿಸುವುದೂ ಅದರ ಕುಡಿಯಿಂದಲೇ. ಬಾಗಿಲಲ್ಲಿ ಬೆಳೆಸುತ್ತೇವೆ, ಬಾಯಿಗೆ ಹಾಕುವುದಿಲ್ಲ.

ನಾನು ಹುಟ್ಟಿದ ಲೆಮ್ನೋಸ್ ದ್ವೀಪದಲ್ಲಿ ನಮ್ಮಮ್ಮ ಎಣ್ಣೆ ಡಬ್ಬಗಳಿಗೆ ಸುಣ್ಣ ಬಳಿದು ಅದನ್ನು ಬೆಳೆಸುತ್ತಿದ್ದಳು. ನಾನು ಮೂಗು ಹತ್ತಿರ ಒಯ್ದರೆ, “ಬಾಡೋಗುತ್ತೆ ಕಣೇ, ದೂರ ನಿಲ್ಲು!” ಎಂದು ಗದರುವಳು. ಅಂಗೈಯಿಂದ ಸವರಿ ಅಂಗೈಯನ್ನೇ ಮೂಸಬೇಕು. ಕಂಡವರ ಹೊಲದಲ್ಲಿ ದುಡಿದು ಸಂಜೆ ಬರುವಾಗ ಅವಳೂ ಗಿಡ ಸವರಿ, ಅದೇ ಕೈಯಲ್ಲಿ ನನ್ನ ತಲೆ ನೇವರಿಸುತ್ತಿದ್ದಳು. ಒಲೆ ಹತ್ತದ ದಿನಗಳೂ ಇದ್ದವು. ಆದರೂ ಆ ಘಮ ಬಂತೆಂದರೆ ಅಮ್ಮ ಬಂದಳು, ಇನ್ನು ಭಯವಿಲ್ಲ ಎಂದು ಜೀವ ಹಗುರಾಗುತ್ತಿತ್ತು.

ಭಾನುವಾರ ಗಂಡಸರು ಹಿತ್ತಲಲ್ಲಿ ಮಾಂಸ ಸುಡುತ್ತಿದ್ದರು. ನಾನು ಒಳಕೋಣೆಯಲ್ಲಿ ಸ್ವಲ್ಪ ಅಡ್ಡಾಗಿದ್ದೆ. ಅಡುಗೆಮನೆಯಿಂದ ಆ ಘಮ ಬಂತು. ಎದ್ದು ಬಂದು ನೋಡಿದರೆ, ಬಾಗಿಲ ಗಿಡ ಬೋಳಾಗಿತ್ತು. ಎಲೆಯೆಲ್ಲ ನಿನ್ನ ಟೊಮೆಟೊ ಗೊಜ್ಜಿನಲ್ಲಿ ಕುದಿಯುತ್ತಿತ್ತು.

“ದೇವರ ಗಿಡಾನೂ ಬಿಡಲ್ವಲ್ಲೇ ನೀವು! ನಿಮ್ಮಮ್ಮ ನಿನಗೆ ಇಷ್ಟೂ ಕಲಿಸ್ಲಿಲ್ವಾ?” ಎಂದು ಕಿರುಚಿದೆ. ಗಂಡಸರು ಓಡಿಬಂದರು. ನೀನು ಒಲೆ ಆರಿಸಿದೆ. “ಅಮ್ಮ ಕಲಿಸಿದ್ದೇ ಇದು, ಅತ್ತೆ,” ಎಂದು ಏಪ್ರನ್ ಬಿಚ್ಚಿಟ್ಟು ಹೊರಟುಹೋದೆ.

ಕ್ರಿಸ್‌ಮಸ್‌ಗೆ ಮುಂಚೆ ತಾನೇ ಆ ತಾಯಿಯನ್ನು ಮಣ್ಣು ಮಾಡಿ ಬಂದಿದ್ದೆವು. ಅಲ್ಲಿ ನಿನ್ನ ಕೈ ಹಿಡಿದು, “ಇನ್ಮೇಲೆ ನಾನಿದ್ದೀನಿ ಕಣೇ,” ಎಂದವಳೂ ನಾನೇ. ಥೂ! ಎಲುಬಿಲ್ಲದ ನಾಲಿಗೆ ಎಂದು ಅದರ ಮೇಲೆ ತಪ್ಪು ಹೊರಿಸಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನೀವು ಹೋದ ಮೇಲೆ ನಿನ್ನ ಮಾವ ಪಾಂಡೆಲಿಸ್ ಬ್ರೆಡ್ ಅದ್ದಿಕೊಂಡು ಪಾತ್ರೆಯನ್ನೇ ಬಳಿದು ತಿಂದರು. “ಪಾಪ ಬಂದ್ರೆ ನನಗೇ ಬರ್ಲಿ ಬಿಡೇ, ರುಚಿಯಾಗಿದೆ! ನೀನು ಆಡಿದ್ದಕ್ಕಿಂತ ದೊಡ್ಡ ಪಾಪ ಏನಲ್ಲ ಇದು,” ಎಂದರು.

ತಪ್ಪಾಯಿತು, ಓರ್ನೆಲ್ಲಾ. ಬಾ ಎನ್ನಲು ನನಗೆ ಮುಖವಿಲ್ಲ. ನೀನು ಹ್ಞೂಂ ಎಂದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ಎಲ್ಲರೆದುರು ಬೈದವಳು ಎಲ್ಲರೆದುರೇ ಕ್ಷಮೆ ಕೇಳುತ್ತೇನೆ.

ನಿನ್ನ ಅತ್ತೆ,
ಸ್ಟಮಾಟಿಯಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ದೇವರ ಗಿಡ ಎಂದದ್ದು ಬರೀ ನೆಪ. ಆ ಘಮಕ್ಕೆ ನಾನು ಎಲ್ಲಿದ್ದೇನೆ ಎಂಬುದೇ ಮರೆತು, “ಅಮ್ಮಾ, ಬಂದ್ಯಾ?” ಎಂದು ಕೂಗಿಕೊಂಡೇ ಅಡುಗೆಮನೆಗೆ ಬಂದಿದ್ದೆ. ನೀನು ತಿರುಗಿ ನೋಡಿದೆ. ನಗಲಿಲ್ಲ. “ಬಂದೆ, ಕೂತ್ಕೊಳ್ಳಿ,” ಎಂದೆ. ಅರವತ್ತೆಂಟರ ಮುದುಕಿ ಹೀಗೆ ಸಿಕ್ಕಿಬಿದ್ದೆನಲ್ಲ ಎಂಬ ನಾಚಿಕೆಗೆ ಕಣ್ಣಿಗೆ ಬಿದ್ದ ಬೋಳು ಗಿಡ ತೋರಿಸಿ ಬೈದೆ. ಲೆಫ್ತೆರಿಸ್ ಫೋನಿನಲ್ಲಿ ಸೊಪ್ಪಿನ ಮಾತು ಬಿಟ್ಟು ಬೇರೇನೂ ಎತ್ತಲಿಲ್ಲ. ಅಷ್ಟು ಬೈಸಿಕೊಂಡ ಮೇಲೂ ಇದನ್ನು ನೀನು ಅವನಿಗೆ ಹೇಳಿಲ್ಲ.