ಕಲ್ಲಿನ ಹಿಂದೆ ಉಳಿದದ್ದು

10 ನವೆಂಬರ್ 2025, ಸೋಮವಾರ

ಇವತ್ತು ಪಾವಗಡದ ಕೆಲಸ ಮುಗಿಯಿತು. ಮುಗಿಯಬಾರದಿತ್ತು.

ಹಲ್ಲಿನ ಡಾಕ್ಟರ್ ನಾಗವೇಣಿಯವರ ಕ್ಲಿನಿಕ್ಕಿನಲ್ಲಿರುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ಐಪ್ಟೇಸಿಯಾ ಎಂಬ ಕಳೆ ಹಬ್ಬಿತ್ತು. ನೋಡಲು ಹೂವು, ಮಾಡುವುದು ಹವಳವನ್ನು ಕುಟುಕಿ ಕೊಲ್ಲುವ ಕೆಲಸ. ಅದಕ್ಕೆಂದೇ ಶಿರಾದ ನನ್ನ ಅಕ್ವೇರಿಯಂ ಅಂಗಡಿಯಿಂದ ಆರು ಬರ್ಗಿಯಾ ಒಯ್ದು ಬಿಟ್ಟಿದ್ದೆ. ಉಗುರಿನಷ್ಟುದ್ದದ, ಚಿಪ್ಪಿಲ್ಲದ ಕಡಲ ಬಸವನಹುಳು. ಆ ಕಳೆಯೊಂದನ್ನು ಬಿಟ್ಟರೆ ಬೇರೇನನ್ನೂ ಮುಟ್ಟದು. ಕಳೆ ಮುಗಿದರೆ ಉಪವಾಸ ಬಿದ್ದು ಸಾಯುತ್ತದೆ, ಹಾಗಾಗಿ ಮುಗಿದ ಕೂಡಲೇ ವಾಪಸು ತರಬೇಕು.

ಮೂರು ತಿಂಗಳು ವಾರವಾರವೂ ಹೋದೆ. ಹದಿನೈದು ದಿನಕ್ಕೊಮ್ಮೆ ಹೋಗಿದ್ದರೂ ಸಾಕಿತ್ತು. ಹುಳು ನೋಡುವ ನೆಪ, ಆಮೇಲೆ ಅವರ ಜೊತೆ ಟೀ. ಅವರೂ ನನ್ನ ಹಾಗೆ ಒಂಟಿ. ಮಾತಿನಿಂದಲೇ ಅಂಗಡಿ ಕಟ್ಟಿದವನಿಗೆ ಆ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಇವತ್ತು ಹುಳುಗಳನ್ನು ಡಬ್ಬಿಗೆ ಹಾಕಿಕೊಂಡು, "ಎಲ್ಲಾ ಕ್ಲೀನು ಮೇಡಂ" ಅಂದೆ.

"ಸುಳ್ಳು ಯಾಕ್ರೀ ಯುವರಾಜ್? ಆ ಕಲ್ಲಿನ ಹಿಂದೆ ಒಂದು ಕಳೆ ಐತಲ್ಲ. ನೋಡಿನೂ ಬಿಟ್ರಿ ನೀವು."

ಸಿಕ್ಕಿಬಿದ್ದೆ. "ಬುಟ್ರೆ ಎರಡು ತಿಂಗಳಲ್ಲಿ ಮತ್ತೆ ಹಬ್ತೈತೆ ಮೇಡಂ. ತೆಗೀಲಾ?"

"ಹಬ್ಲಿ ಬಿಡ್ರೀ. ನಿಮಗೂ ಈ ಕಡೆ ಬರೋಕೆ ಒಂದು ಕೆಲಸ ಬೇಕಲ್ಲ" ಎಂದು ನಕ್ಕು, ಮುಂದಿನ ಪೇಷೆಂಟನ್ನು ಕರೆದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ನಗು. ಆದರೂ ಎರಡು ತಿಂಗಳು! ಇಷ್ಟು ವರ್ಷ ಚೌಕಾಸಿ ಮಾಡಿ ಬದುಕಿದವನು, ಒಂದೇ ತಿಂಗಳು ಅನ್ನಬಾರದಿತ್ತೇ?