ಲೋಗೋ ಸರಿಸಿದ ಕಾಗೆ

ನವೆಂಬರ್ 3, ಬೆಳಿಗ್ಗೆ 7

ಎರಡನೇ ಕಪ್ ಟೀ. ಹದಿನಾಲ್ಕನೇ ಎಪಿಸೋಡಿನ ಸಂಭಾಷಣೆ ಇನ್ನೂ ಅರ್ಧದಲ್ಲೇ ಇದೆ. ನಮ್ಮ ಕಾರ್ಟೂನಿನ ಕಾಗೆ ಸಂಸಾರಕ್ಕೆ ಈ ಸಲ ಹಳೇ ಸಿನಿಮಾಗಳ ಅಣಕ — ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋದ ಮಗ, ಇಪ್ಪತ್ತು ವರ್ಷದ ಮೇಲೆ ಕೆನ್ನೆಯ ಮಚ್ಚೆಯಿಂದ ಗುರುತು ಸಿಗುತ್ತಾನೆ. ಒಂದು ಜೋಕ್ ಚೆನ್ನಾಗಿ ಕೂತಿದೆ: ತಾಯಿಕಾಗೆ "ಮಗನೇ" ಎನ್ನುವಷ್ಟರಲ್ಲಿ ಜಾಹೀರಾತು. ಅದು ಮುಗಿಯುವ ಹೊತ್ತಿಗೆ ಅವಳ ಪುಕ್ಕವೆಲ್ಲ ಬೆಳ್ಳಗಾಗಿದೆ. ಮಚ್ಚೆಯ ದೃಶ್ಯ ಮಾತ್ರ ಸಪ್ಪೆ.

ಅದೇ ದಿನ, ಮಧ್ಯಾಹ್ನ

ಸಿಕ್ಕಿತು. ಕೊಟ್ಟವಳು ಅಮ್ಮ. ಸೋಫಾದಲ್ಲಿ ಕೂತು ಸಿನಿಮಾ ನೋಡುತ್ತಿದ್ದಳು. ಪರದೆಯ ಮೂಲೆಯಲ್ಲಿ ನಮ್ಮದೇ ಚಾನೆಲ್ಲಿನ ಲೋಗೋ, ಸರಿಯಾಗಿ ಹೀರೋಯಿನ್ ಮುಖದ ಮೇಲೆ. ಅಮ್ಮ ಕೈ ಬೀಸಿ, "ಸ್ವಲ್ಪ ಆ ಕಡೆ ಸರಿಯಪ್ಪ, ಅವಳು ಅಳ್ತಿದಾಳೋ ನಗ್ತಿದಾಳೋ ಗೊತ್ತಾಗ್ತಿಲ್ಲ" ಅಂದಳು. ಲೋಗೋಗೆ.

ಓಡಿ ಬಂದು ಬರೆದೆ. ಮಗನ ಮಚ್ಚೆಯ ಮೇಲೇ ಲೋಗೋ. ತಾಯಿಕಾಗೆ "ಸರಿಯಪ್ಪ" ಎಂದು ಕೊಕ್ಕಿನಿಂದ ತಳ್ಳುತ್ತಾಳೆ. ಅದು ಜಾರಿ ಮತ್ತೆ ಅಲ್ಲಿಗೇ. ಮೂರು ಸಲ.

ಮಾರ್ಚ್ 19

ನಾಲ್ಕು ತಿಂಗಳು ಈ ಪುಸ್ತಕ ಮುಟ್ಟಿಲ್ಲ. ಚಿತ್ರ, ಬಣ್ಣ, ದನಿ ಎಲ್ಲ ಮುಗಿದು ಎಪಿಸೋಡ್ ಸಿದ್ಧ. ಡೈರೆಕ್ಟರ್ — ಕಾಲೇಜಿನಿಂದ ಗೆಳೆಯ — ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಮುಖ ಸಣ್ಣದು ಮಾಡಿಕೊಂಡ. "ಇದು ಕತ್ತರಿ ಅಕ್ಕನ ಮುಂದೆ ನಿಲ್ಲಲ್ಲ ಕಣೇ."

ಕತ್ತರಿ ಅಕ್ಕ ಎಂದರೆ ಚಾನೆಲ್ಲಿನಲ್ಲಿ ಪ್ರತಿ ಎಪಿಸೋಡನ್ನೂ ಪ್ರಸಾರಕ್ಕೆ ಮುಂಚೆ ನೋಡಿ ಒಪ್ಪಿಗೆ ಕೊಡುವವರು. ನನ್ನ ಎಷ್ಟು ಜೋಕುಗಳು ಅವರ ಕೈಯಲ್ಲಿ ಸತ್ತಿವೆಯೋ. ಅವರು ನಕ್ಕಿದ್ದನ್ನು ನಾವ್ಯಾರೂ ನೋಡಿಲ್ಲ.

ಮಾರ್ಚ್ 22

ನಂಬಲಾಗುತ್ತಿಲ್ಲ. ಅಕ್ಕ ಪಾಸ್ ಮಾಡಿದ್ದಾರೆ. ಒಂದೇ ಟಿಪ್ಪಣಿ: "ನಾಲ್ಕನೇ ಸಲವೂ ತಳ್ಳಲಿ." ಡೈರೆಕ್ಟರ್ ಆಗಲೇ ಸೇರಿಸಿದ.

ಮಾರ್ಚ್ 24

ಚಾನೆಲ್ ಮುಖ್ಯಸ್ಥರು ನೋಡಿದರಂತೆ. "ನಮ್ಮ ಅನ್ನ ತಿಂದು ನಮ್ಮನ್ನೇ ಆಡ್ಕೊಳ್ತಾರಾ" ಅಂದರಂತೆ. ಎಪಿಸೋಡ್ ತಡೆದಿದ್ದಾರೆ. ಬರೆದವರು ಸದ್ಯಕ್ಕೆ ಆಫೀಸಿಗೆ ಬರುವುದು ಬೇಡ. ಬರೆದವರು — ಅಂದರೆ ನಾನು. ಮೇಜು ಖಾಲಿ ಮಾಡು ಎಂದಿಲ್ಲ. ಇನ್ನೂ.

ಏಪ್ರಿಲ್ 8

ಎರಡು ವಾರ. ಬರೆಯುವುದಕ್ಕೇನಿತ್ತು... ಅಮ್ಮನಿಗೆ ರಜೆ ಎಂದು ಹೇಳಿದ್ದೆ. ಅವಳು ಏನೂ ಕೆದಕಲಿಲ್ಲ. ಬೆಳಿಗ್ಗೆ ಏಳಕ್ಕೆ ತಪ್ಪದೆ ಬರೆಯುವ ಮೇಜಿನ ಮೇಲೆ ಟೀ ತಂದಿಡುತ್ತಿದ್ದಳು, ನಾನು ಬರೆಯುತ್ತಿದ್ದೇನೆ ಎನ್ನುವಂತೆ. ಆ ಟೀ ಇರದಿದ್ದರೆ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲವೇನೋ.

ನಾಳೆ ಹತ್ತಕ್ಕೆ ಮೀಟಿಂಗ್. ಕರೆದಿದ್ದಾರೆ.

ಏಪ್ರಿಲ್ 9, ಮಧ್ಯಾಹ್ನ

ನಡೆದದ್ದನ್ನು ನಡೆದಂತೆ ಬರೆದುಬಿಡುತ್ತೇನೆ.

ಉದ್ದನೆಯ ಮೇಜು. ಮುಖ್ಯಸ್ಥರು ಒಂದು ತುದಿ, ನಾನೂ ಡೈರೆಕ್ಟರೂ ಇನ್ನೊಂದು ತುದಿ. ಕತ್ತರಿ ಅಕ್ಕ ನಡುವೆ.

"ಇದನ್ನ ಹೇಗೆ ಪಾಸ್ ಮಾಡಿದ್ರಿ ಮೇಡಂ?" ಎಂದರು ಮುಖ್ಯಸ್ಥರು.

ಅಕ್ಕ ಕನ್ನಡಕ ತೆಗೆದಿಟ್ಟರು. "ಹತ್ತೊಂಬತ್ತು ವರ್ಷದಿಂದ ಕತ್ತರಿಸ್ತಿದೀನಿ ಸರ್. ನಗು ಬಂತು ಅಂತ ಯಾವತ್ತೂ ಕತ್ತರಿಸಿಲ್ಲ. ಯಾರಿಗೋ ನೋವಾಗುತ್ತೆ ಅಂದ್ರೆ ಕತ್ತರಿಸಿದೀನಿ. ಇಲ್ಲಿ ಯಾರಿಗೆ ನೋವಾಗಿದೆ? ಲೋಗೋಗಾ?"

ಡೈರೆಕ್ಟರ್ ಕೆಮ್ಮಿ ನಗು ನುಂಗಿದ.

"ಚಾನೆಲ್ ಹೆಸರು ಹಾಳಾಗಲ್ವಾ?"

"ಮನೇಲಿ ಜನ ಅದನ್ನ ದಿನಾ ಬೈತಾನೇ ಇದಾರೆ ಸರ್. ನಾವೇ ಮೊದಲು ನಕ್ರೆ, ಅವರೂ ಜೊತೆಗೆ ನಗ್ತಾರೆ. ಈ ಹುಡುಗಿನ ಕಳಿಸೋದೇ ಆದ್ರೆ, ಸಹಿ ಹಾಕಿದೋಳು ನಾನು. ನನ್ನನ್ನೂ ಕಳಿಸಿ."

ದನಿ ಏರಿಸಲಿಲ್ಲ. ಮುಖ್ಯಸ್ಥರು ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿದರು. ಮೊದಲ ಸಲ ತಳ್ಳಿದಾಗ ಮುಖ ಗಂಟು. ಎರಡು. ಮೂರು... ನಾಲ್ಕನೇ ಸಲಕ್ಕೆ ಅವರ ಭುಜ ಕುಲುಕಿತು. "ಹೋಗ್ಲಿ, ಹಾಕಿ" ಅಂದರು. "ನೀನೂ ಕೆಲಸ ಶುರು ಮಾಡಮ್ಮ."

ನನ್ನ ಮೂರಕ್ಕೇ ನಿಂತಿದ್ದರೆ ಇವತ್ತು ಕೆಲಸವಿಲ್ಲದೆ ಮನೆಗೆ ಬರುತ್ತಿದ್ದೆ. ಆ ನಾಲ್ಕನೆಯದು ಅಕ್ಕನದು.

ಏಪ್ರಿಲ್ 14

ಪ್ರಸಾರವಾಯಿತು. ಅಮ್ಮನ ಪಕ್ಕದಲ್ಲೇ ಕೂತಿದ್ದೆ. ತಾಯಿಕಾಗೆ ಲೋಗೋ ತಳ್ಳಿದಳು. ಅಮ್ಮ ನಗಲಿಲ್ಲ, ತಲೆದೂಗಿದಳು. "ಪಾಪ, ಕಾಗೆ ಸರಿಯಾಗೇ ಹೇಳ್ತಿದೆ. ಯಾರು ಬರ್ದಿದ್ದು ಇದನ್ನ?"

"ನಾನೇ ಅಮ್ಮ."

"ನಿಂಗೆ ಇಂಥದ್ದೆಲ್ಲ ಎಲ್ಲಿ ಹೊಳೆಯುತ್ತೆ?"

ಅವಳ ಕೈ ಹಿಡಿದುಕೊಂಡೆ. ಜಾಹೀರಾತು ಮುಗಿಯುವವರೆಗೂ ಬಿಡಲಿಲ್ಲ.

ಏಪ್ರಿಲ್ 15, ಮಧ್ಯಾಹ್ನ

ಅಕ್ಕನ ಕೋಣೆಗೆ ಹೋದೆ. ಮೆಟ್ಟಿಲುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು "ಥ್ಯಾಂಕ್ಸ್ ಮೇಡಂ", ಅಷ್ಟೇ.

"ಅದಿರಲಿ, ಕೂತ್ಕೋ" ಅಂದರು. ಡ್ರಾಯರಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಕೈಬರಹ. "ಪೊಲೀಸ್ ಸಿನಿಮಾದ ಅಣಕ. ಯಾರಿಗೂ ತೋರಿಸಿಲ್ಲ. ನಗು ಬರದಿದ್ರೆ ಹೇಳು, ದಾಕ್ಷಿಣ್ಯ ಬೇಡ." ಹೇಳುವಾಗ ನನ್ನ ಕಡೆ ನೋಡಲಿಲ್ಲ, ಸುಮ್ಮನೆ ಕಿಟಕಿಯ ಪರದೆ ಎಳೆಯುತ್ತಿದ್ದರು. ಹತ್ತೊಂಬತ್ತು ವರ್ಷ ನಮ್ಮೆಲ್ಲರದನ್ನೂ ಓದಿದವರು.

ನನ್ನ ಜಾಗಕ್ಕೆ ತಂದು ಬಿಡಿಸಿದೆ. ಮೊದಲ ಸಾಲು ಸಾಧಾರಣ. ಎರಡನೆಯದು... ಪರವಾಗಿಲ್ಲ. ಮೂರನೆಯದಕ್ಕೆ ಎಷ್ಟು ಜೋರಾಗಿ ನಕ್ಕೆನೆಂದರೆ ಡೈರೆಕ್ಟರ್ ಎದ್ದು ಬಂದು ಹಾಳೆ ಕಿತ್ತುಕೊಂಡ. ನಿಂತೇ ಓದುತ್ತಿದ್ದಾನೆ. ಮೂರನೇ ಸಾಲಿಗೆ ಬಂದ. ಅವನಿಗೂ ನಗು —